ಹಿಂಡಿ ತಿಂದ ಆಲಿವ್ ಗಿಡ

ಅಕ್ಕನನ್ನು ಗೌರಿ ಹಬ್ಬಕ್ಕೆ ಕರೆಯಲು ನಾನು ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಗಿಡದ ಮಾತು, ಎಣ್ಣೆಯ ಮಾತು, ರೈಲಿನ ಮಾತು ಎಂದು ಸುತ್ತಾಡಿ ಅದೊಂದನ್ನು ಹೇಳದೆಯೇ ಎದ್ದುಹೋಗುವ ಬುದ್ಧಿ ನನ್ನದು. ಶಿವಮೊಗ್ಗೆಯಲ್ಲಿ ರೈಲು ಹತ್ತಿ ಬಾಯಿಗೆ ಎಲೆಯಡಿಕೆ ಹಾಕಿಕೊಂಡರೆ, ಎರಡನೆಯ ಸಲದ್ದು ಮುಗಿಯುವಷ್ಟರಲ್ಲಿ ಅಕ್ಕನ ಊರು ಭದ್ರಾವತಿ ಬರುತ್ತದೆ. ಅಷ್ಟು ದೂರವನ್ನು ನಾನು, ಒಂದರ ಹಿಂದೊಂದು ಹಬ್ಬ ಕಳೆದರೂ, ದಾಟಲಿಲ್ಲ.

ಇವತ್ತು ಈ ಮಾತು ಮೇಲೆ ಬರಲು ಕಾರಣ ನನ್ನ ತೋರುಬೆರಳು. ಬೆಳಿಗ್ಗೆ ಮುಖ ತೊಳೆದು ಹಣೆಗೆ ವಿಭೂತಿ ಇಟ್ಟುಕೊಂಡವನು, ಕಾಫಿಗೆ ಕೂರುವ ಮುಂಚೆ ಪಡಸಾಲೆಯ ಕಿಟಕಿಯ ಬಳಿ ಹೋಗಿ, ಅಲ್ಲಿರುವ ಕುಂಡದ ಮಣ್ಣಿನೊಳಕ್ಕೆ ಆ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸುತ್ತೇನೆ. ತಣ್ಣಗಿದ್ದರೆ ನೀರಿಲ್ಲ. ಒಣಗಿ ಪುಡಿಪುಡಿಯಾಗಿದ್ದರೆ ಒಂದು ಚೆಂಬು. ಪಂಡಿತರು ನಾಡಿ ಹಿಡಿದಾಗ ಮುಖ ಹೇಗೆ ಮಾಡುತ್ತಾರೋ ನಾನೂ ಹಾಗೇ ಮಾಡುತ್ತೇನಂತೆ. ನನ್ನ ಹೆಂಡತಿ ನೀಲಮ್ಮ ಇವತ್ತು ಲೋಟವನ್ನು ಹಿಂದಕ್ಕೆ ಎಳೆದುಕೊಂಡು, "ಕೈ ತೊಳ್ಕೊಂಡ್ ಬನ್ನಿ. ನಿಮ್ಮಕ್ಕನ ಗಿಡದ ಮಣ್ಣು ನನ್ನ ಲೋಟಕ್ಕೆ ಯಾಕೆ" ಎಂದಳು. ಕೈ ತೊಳೆದು ಬರುವಷ್ಟರಲ್ಲಿ ಕಾಫಿ ಆರಿತ್ತು, ನನಗೆ ಹಳೆಯದೆಲ್ಲ ನೆನಪಾಗಿತ್ತು.

ಮನೆಗೆ ಬಂದವರು ಈ ಗಿಡಕ್ಕೆ ತಲೆಗೊಂದು ಹೆಸರು ಹೇಳುತ್ತಾರೆ. ಒಬ್ಬರು ಬೇವಿನ ತಂಗಿ ಎನ್ನುತ್ತಾರೆ, ಇನ್ನೊಬ್ಬರು ದಾಳಿಂಬೆಯೇ ಬಡಕಲಾಗಿದೆ ಎನ್ನುತ್ತಾರೆ. ಎಲೆ ಸಣ್ಣದು, ಉದ್ದ, ಗಟ್ಟಿ. ಮೇಲೆ ಮಾಸಲು ಹಸಿರು, ಮಗುಚಿದರೆ ಬೂದಿ ಬಳಿದಂಥ ಬಿಳುಪು. ಎದುರುಮನೆಯ ಸಿದ್ದಮ್ಮಜ್ಜಿ ಇದನ್ನು ಮೊದಲು ಕಂಡ ದಿನ ಎಲೆಯ ಹಿಂಬದಿಯನ್ನು ಮುಟ್ಟಿ ನೋಡಿ, "ವಿಭೂತಿ ಹಚ್ಕೊಂಡೇ ಹುಟ್ಟೈತಲ್ಲೋ. ಇದು ನಮ್ಮೋರ ಪೈಕಿ ಗಿಡನೇ ಕಣೋ ರುದ್ರ" ಎಂದು ತೀರ್ಪು ಕೊಟ್ಟು, ಕುಂಡಕ್ಕೂ ಮೂರು ಪಟ್ಟೆ ವಿಭೂತಿ ಎಳೆದು ಹೋದಳು. ಸಮುದ್ರದಾಚೆಯ ಗಿಡಕ್ಕೆ ನಮ್ಮ ದುರ್ಗಿಗುಡಿಯ ಬೀದಿಯಲ್ಲಿ ಜಾತಿ ಸಿಕ್ಕಿದ್ದು ಅಷ್ಟು ಸಲೀಸಾಗಿ.

ಅದರ ಹೆಸರು ಆಲಿವ್. ಅದರ ಕಾಯಿ ಹಿಂಡಿ ಎಣ್ಣೆ ತೆಗೆಯುತ್ತಾರಂತೆ. ನನ್ನದು ಎಣ್ಣೆ ಅಂಗಡಿ. ಬೀದಿಗೆ ಅಂಗಡಿ, ಹಿಂದೆ ಮನೆ. ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಹರಳೆಣ್ಣೆ, ಕೊಬ್ಬರಿ ಎಣ್ಣೆ ಇವುಗಳ ವಾಸನೆಯಲ್ಲೇ ಹುಟ್ಟಿ ಬೆಳೆದವನು ನಾನು. ಮದುವೆಯಾದ ಹೊಸದರಲ್ಲಿ ನೀಲಮ್ಮ ನನ್ನ ಅಂಗಿ ಒಗೆದ ನೀರಿನಲ್ಲಿ ಪಾತ್ರೆ ತೊಳೆದರೆ ಜಿಡ್ಡು ಹತ್ತುತ್ತದೆ ಎಂದು ತವರಿನಲ್ಲಿ ಹೇಳಿದ್ದಳಂತೆ. ಇಂಥವನ ಮನೆಗೆ ಶಿವ ಒಂದು ಎಣ್ಣೆಮರ ಕಳಿಸಿದ. ಇವತ್ತಿನವರೆಗೆ ಅದು ಒಂದು ಹೂವನ್ನೂ ಬಿಟ್ಟಿಲ್ಲ, ಆ ಮಾತು ಬೇರೆ.

ಗಂಗಕ್ಕ ನನಗಿಂತ ಆರೇಳು ವರ್ಷ ದೊಡ್ಡವಳು. ನಾನು ಓದಿದ್ದು ಕೂಲಿಮಠದಲ್ಲಿ, ಮೂರನೆಯ ಪುಸ್ತಕದ ನಡುವಿನವರೆಗೆ. ಅಲ್ಲಿಗೆ ಕೈಹಿಡಿದು ಕರೆದೊಯ್ಯುತ್ತಿದ್ದವಳು ಅವಳೇ. ಹೆಣ್ಣುಮಕ್ಕಳಿಗೆ ಅಯ್ಯನವರು ಒಳಗೆ ಜಾಗ ಕೊಡುತ್ತಿರಲಿಲ್ಲ. ಮಠ ಬಿಡುವ ತನಕ ಅವಳು ಜಗಲಿಯಲ್ಲಿ ಹುಣಿಸೆಬೀಜ ಆಡಿಕೊಂಡು ಕೂತಿರಬೇಕು. ಒಳಗೆ ನಾವು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರೆ ಹೊರಗೆ ಅವಳು ಜಗಲಿಯ ಧೂಳಿನ ಮೇಲೆ ತಿದ್ದುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಅವಳಿಗೆ ಓದಲು ಬಂತು, ನನಗೆ ಹುಣಿಸೆಬೀಜ ಆಡಲು ಬಂತು.

ಅವಳನ್ನು ಕೊಟ್ಟದ್ದು ಭದ್ರಾವತಿಗೆ. ನಮ್ಮ ಅವ್ವ ಕೊನೆಯವರೆಗೂ ಆ ಊರನ್ನು ಬೆಂಕಿಪುರ ಎಂದೇ ಕರೆದಳು. ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಹಳೆಯ ಹೆಸರೇ ಹೆಚ್ಚು ಸರಿ ಎಂದು ಅವಳ ವಾದ. ಭಾವ ಹಾಲಪ್ಪ ಅಲ್ಲಿಯೇ ಕೆಲಸಕ್ಕೆ ಸೇರಿದ್ದರು. ಕಾರ್ಖಾನೆಯವರು ಕೊಟ್ಟ ಮನೆಯ ಸಾಲಿನಲ್ಲಿ ಎಡಕ್ಕೆ ತಮಿಳರು, ಬಲಕ್ಕೆ ತೆಲುಗರು. ಅಕ್ಕ ಎರಡೂ ಭಾಷೆಯಲ್ಲಿ ಜಗಳ ಬಿಡಿಸುವಷ್ಟು ಕಲಿತಿದ್ದಳು. ಮಕ್ಕಳಿರಲಿಲ್ಲ. ಹಿತ್ತಿಲಲ್ಲಿ ಒಂದು ಹಸು ಇತ್ತು.

ನಮ್ಮ ಮನೆತನದಲ್ಲಿ ಹೆಣ್ಣುಮಗಳನ್ನು ಹಬ್ಬಕ್ಕೆ ಕರೆಯುವುದು ಕಾಗದದ ಕೆಲಸವಲ್ಲ. ಒಡಹುಟ್ಟಿದವನು ತಾನೇ ಹೋಗಬೇಕು. ಕಾಯಿ, ಎಲೆಯಡಿಕೆ, ಕುಂಕುಮ, ಕುಪ್ಪಸದ ಕಣ ತಟ್ಟೆಯಲ್ಲಿಟ್ಟು, ಅವಳ ಮನೆಯಲ್ಲಿ ಕೂತು, ಏನಾದರೂ ತಿಂದು, ಬಾಯಿ ಬಿಟ್ಟು "ಗೌರಿ ಹಬ್ಬಕ್ಕೆ ಬಾ" ಎನ್ನಬೇಕು. ಆಮೇಲೆಯೇ ಅವಳು ಹೊರಡುವುದು. ತಮ್ಮನ ಬಾಯಿಂದ ಬಾರದ ಕರೆ ಕರೆಯಲ್ಲ. ಅವ್ವ ಇರುವ ತನಕ ನನ್ನನ್ನು ನೂಕಿ ಕಳಿಸುತ್ತಿದ್ದಳು, ನಾನು ಹೋಗುತ್ತಿದ್ದೆ. ಅದು ನನ್ನ ಭಕ್ತಿಯೆಂದು ತಿಳಿದಿದ್ದೆ. ಅವ್ವನ ಕೈಯ ಬಲವೆಂದು ತಿಳಿದದ್ದು ಅವಳು ಹೋದ ಮೇಲೆ.

ಅವ್ವ ತೀರಿದ ವರ್ಷ ಹಬ್ಬ ಇಲ್ಲ, ಸರಿ. ಮಾರನೆಯ ವರ್ಷ ಹಬ್ಬದ ಹೊತ್ತಿಗೆ ಅಂಗಡಿಗೆ ಎಣ್ಣೆಯ ಡಬ್ಬಗಳು ಬಂದು ಬಿದ್ದವು. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎನ್ನುತ್ತ ಕೊನೆಗೆ ಬಾಗಿನದ ಮೊರಗಳನ್ನು ಬಟ್ಟೆಯಲ್ಲಿ ಕಟ್ಟಿ, ಭದ್ರಾವತಿಗೆ ಹೊರಟಿದ್ದ ಒಬ್ಬ ಗಿರಾಕಿಯ ಕೈಗೆ ಕೊಟ್ಟುಬಿಟ್ಟೆ. ಎಣ್ಣೆ ಡಬ್ಬದ ಜೊತೆಗೆ ತವರಿನ ಬಾಗಿನವೂ ಹೋಯಿತು. ಅಕ್ಕನಿಂದ ಒಳ್ಳೆಯದೆಂದೂ ಕೆಟ್ಟದ್ದೆಂದೂ ಮಾತು ಬರಲಿಲ್ಲ. ಅದರ ಮುಂದಿನ ವರ್ಷ ಹೋಗಬೇಕೆಂದರೆ ಹಿಂದಿನ ವರ್ಷದ್ದಕ್ಕೆ ಏನು ಹೇಳುವುದು? ಹೇಳಲಾಗದ್ದಕ್ಕೆ ಹೋಗಲಿಲ್ಲ. ಹೋಗದೆ ಇದ್ದದ್ದಕ್ಕೆ ಹೇಳಬೇಕಾದ್ದು ಇನ್ನಷ್ಟು ಬೆಳೆಯಿತು. ಕೇಳಿದವರಿಗೆ, "ಭದ್ರಾವತಿಲಿ ಚಳಿಜ್ವರ ಮಾರಾಯ, ಹೋದೋರು ಹೊತ್ಕೊಂಡೇ ಬರ್ತಾರೆ" ಎನ್ನುತ್ತಿದ್ದೆ. ಚಳಿಜ್ವರ ಇದ್ದದ್ದು ನಿಜ. ಅದೇ ಊರಿನಲ್ಲಿ ನನ್ನ ಅಕ್ಕ ಇದ್ದದ್ದೂ ನಿಜ. ನೀಲಮ್ಮನ ಮೇಲೆ ಹಾಕುವ ಹಾಗೂ ಇಲ್ಲ. ಪ್ರತಿ ವರ್ಷ ತಟ್ಟೆ ತೊಳೆದು ಇಡುತ್ತಿದ್ದವಳು ಅವಳೇ.

ಹೀಗಿರುವಾಗ ಒಂದು ದಿನ ಬೇಸಿಗೆಯ ಮಧ್ಯಾಹ್ನ ಹಾಲಪ್ಪ ಭಾವ ಕುಂಡವನ್ನು ಎದೆಗವಚಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದರು. ಅದು ಕಾರ್ಖಾನೆಯ ಯಾವನೋ ಬಿಳಿಯ ಎಂಜಿನಿಯರನ ಹೆಂಡತಿಯದಂತೆ. ಅಕ್ಕ ಆ ಬಂಗಲೆಗೆ ಹಾಲು ಹಾಕುತ್ತಿದ್ದಳು. ದೊರೆಸಾನಿಗೆ ಅರ್ಧಂಬರ್ಧ ಕನ್ನಡ, ಅಕ್ಕನಿಗೆ ಬೇಕಾದಷ್ಟು ತಾಳ್ಮೆ, ಇಬ್ಬರಿಗೂ ಸ್ನೇಹವಾಗಿತ್ತು. ಆಕೆ ಊರು ಬಿಡುವಾಗ ತನ್ನ ದೇಶದ ಈ ಗಿಡವನ್ನು ಅಕ್ಕನ ಕೈಗಿಟ್ಟು ಹೋಗಿದ್ದಳು. ನಮ್ಮ ಮಳೆ ಅದಕ್ಕೆ ಆಗದು, ಆದ್ದರಿಂದ ಮನೆಯೊಳಗೇ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಇರಬೇಕು.

"ಈಗ ನಮ್ಮೆದುರಿಗೆ ಇನ್ನೊಂದು ಸಾಲು ಮನೆ ಎಬ್ಬಿಸಿದಾರೆ. ಕಿಟಕಿಗೆ ಬಿಸಿಲೇ ಇಲ್ಲ" ಎಂದರು ಭಾವ. "ಅವಳಿಗೂ ಮೈ ಅಷ್ಟು ಸರಿ ಇಲ್ಲ, ನೋಡ್ಕೊಳ್ಳಕ್ಕಾಗಲ್ಲ. ನಿಮ್ಮ ಪಡಸಾಲೆ ಕಿಟಕಿ ನೆನಪಾಯ್ತಂತೆ ಅವಳಿಗೆ."

"ನೀರು ಎಷ್ಟು ಹಾಕ್ಬೇಕು ಭಾವ?" ಎಂದೆ.

"ಕಮ್ಮಿ ಅಂದ್ಲು."

"ಗೊಬ್ಬರ?"

"ಅದು ಹೇಳ್ಲಿಲ್ಲ." ಭಾವ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಇನ್ನೇನಾದರೂ ಕೇಳುತ್ತೇನೆ ಎಂದುಕೊಂಡಿದ್ದರೇನೋ. ನಾನು ಕೇಳಲಿಲ್ಲ. ಕೊನೆಗೆ ಅವರೇ, "ಒಂದು ಮಾತು ಹೇಳಿ ಕಳಿಸಿದಾಳೆ ನಿಮ್ಮಕ್ಕ. 'ನಾನಂತೂ ಕರೀದೆ ಬರೋಳಲ್ಲ. ಈ ಗಿಡಕ್ಕೆ ಮಾನ ಮರ್ಯಾದೆ ಇಲ್ಲ, ಕರೀದಿದ್ರೂ ಬರುತ್ತೆ. ಇದಕ್ಕಾದ್ರೂ ಒಳಗೆ ಜಾಗ ಕೊಡು ಅಂತ ಹೇಳಿ'. ಹಾಗಂದ್ಲು" ಎಂದು ನಕ್ಕರು. ನಾನೂ ನಕ್ಕೆ. ನಗಬಾರದ ಕಡೆ ನಗುವುದು ನನಗೆ ಚಿಕ್ಕಂದಿನಿಂದ ಚೆನ್ನಾಗಿ ಬರುತ್ತದೆ.

ಅಕ್ಕನಿಗೆ ಏನಾಗಿದೆ ಎಂದು ಕೇಳದವನು ಗಿಡದ ಸೇವೆಗೆ ಮಾತ್ರ ಟೊಂಕ ಕಟ್ಟಿ ನಿಂತೆ. ಅದನ್ನು ಸಾಕಿ ಸೊಂಪಾಗಿಸಿದರೆ ಉಳಿದದ್ದೆಲ್ಲ ತಾನಾಗಿ ತೀರಿಹೋಗುತ್ತದೆ ಎಂದು ಒಳಗೊಳಗೇ ಅನ್ನಿಸಿರಬೇಕು. ನೀರು ಕಡಿಮೆ ಎಂದಿದ್ದರು, ನಿಜ. ಆದರೆ ಬಂದ ನೆಂಟರಿಗೆ ಕಡಿಮೆ ಬಡಿಸುವುದು ಹೇಗೆ? ನಾನು ಬೆಳಿಗ್ಗೆ ಒಂದು ಚೆಂಬು ಹಾಕುತ್ತಿದ್ದೆ. ನಾನು ಹಾಕಿದ್ದು ತಿಳಿಯದೆ ನೀಲಮ್ಮ ಒಂದು ಚೆಂಬು ಹಾಕುತ್ತಿದ್ದಳು. ಕರಿಬೇವಿನ ಗಿಡಕ್ಕೆ ಸುರಿಯುವ ಹುಳಿಮಜ್ಜಿಗೆಯಲ್ಲಿ ಅದಕ್ಕೂ ಪಾಲು ಸಿಗುತ್ತಿತ್ತು. ಸಿದ್ದಮ್ಮಜ್ಜಿ ಬಂದಾಗಲೆಲ್ಲ ತನ್ನ ಕೈಯಾರೆ ಒಂದಿಷ್ಟು ನೀರು ಚಿಮುಕಿಸಿ ಪುಣ್ಯ ಕಟ್ಟಿಕೊಳ್ಳುತ್ತಿದ್ದಳು.

ಇದೆಲ್ಲ ಯಾರಾದರೂ ಮಾಡುವ ತಪ್ಪು. ಎಣ್ಣೆ ಅಂಗಡಿಯವನು ಮಾತ್ರ ಮಾಡಬಹುದಾದ ತಪ್ಪು ಇನ್ನೊಂದಿತ್ತು. ಕಡಲೆಕಾಯಿ ಹಿಂಡಿ, ಅಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ, ನಮ್ಮಲ್ಲಿ ಮೂಟೆಗಟ್ಟಲೆ ಇರುತ್ತದೆ. ದನಕ್ಕೆ ಹಾಕಿದರೆ ಹಾಲು ಗಟ್ಟಿ, ತೋಟಕ್ಕೆ ಹಾಕಿದರೆ ಬೆಳೆ ಗಟ್ಟಿ. ಹಾಗಾದರೆ ಎಣ್ಣೆ ಕೊಡುವ ಮರಕ್ಕೆ ಎಣ್ಣೆಯ ಹಿಂಡಿ ತಾಯಿಹಾಲಿದ್ದಂತೆ ಅಲ್ಲವೇ ಎಂದು ನನಗೆ ಹೊಳೆಯಿತು. ಮೂರನೆಯ ಪುಸ್ತಕ ಪೂರ್ತಿ ಓದಿದ್ದರೂ ಇದು ಹೊಳೆದೇ ಹೊಳೆಯುತ್ತಿತ್ತು. ಹಿಂಡಿಯನ್ನು ನೆನೆಸಿ, ಕಲಸಿ, ಬುಡಕ್ಕೆ ಅಂಗೈ ದಪ್ಪ ಮೆತ್ತಿದೆ. ಅದು ಕರಗಿತೆಂದು ಮತ್ತೆ ಮೆತ್ತಿದೆ. ಅಷ್ಟರಲ್ಲಿ ಮಳೆ ಹಿಡಿಯಿತು, ಕಿಟಕಿಯ ಬಿಸಿಲು ಹೋಯಿತು.

ಮೊದಲು ಬಂದದ್ದು ಇರುವೆ. ಆಮೇಲೆ ವಾಸನೆ. ಮನೆಯಲ್ಲಿ ಇಲಿ ಸತ್ತಿದೆಯೆಂದು ನೀಲಮ್ಮ ಎರಡು ದಿನ ಅಟ್ಟ ಹುಡುಕಿದಳು. ಆಮೇಲೆ ಎಲೆ ಹಳದಿಯಾಗಿ ಉದುರತೊಡಗಿತು. ಉದುರಿದಷ್ಟೂ ನಾನು ಹಿಂಡಿ ಮೆತ್ತುತ್ತಿದ್ದೆ.

ಬಜಾರಿನಲ್ಲಿ ಅತ್ತರು ಮಾರುವ ಖಾದರ್ ಸಾಹೇಬರು ನಮ್ಮಲ್ಲಿಗೆ ಕೊಬ್ಬರಿ ಎಣ್ಣೆ ಒಯ್ಯಲು ಬರುತ್ತಿದ್ದರು. ಮೂಗೇ ಅವರ ಬಂಡವಾಳ. ಅಂಗಡಿಗೆ ಕಾಲಿಡುತ್ತಲೇ ಕರವಸ್ತ್ರ ತೆಗೆದು, "ಏನ್ ರುದ್ರಪ್ಪೋರೆ, ಒಳಗೆ ಯಾರಿಗೆ ಹುಷಾರಿಲ್ಲ?" ಎಂದರು. ಕರೆದುಕೊಂಡು ಹೋಗಿ ತೋರಿಸಿದೆ. ಒಂದು ಎಲೆಯನ್ನು ಮಗುಚಿ ನೋಡಿದರು. ತಲೆಯ ಟೋಪಿ ಸರಿಮಾಡಿಕೊಂಡರು.

"ಇದು ಜೈತೂನ್. ನಮ್ಮ ಕುರಾನಲ್ಲಿ ಹೇಳಿರೋ ಬರ್ಕತ್ತಿನ ಮರ, ದೇವರ ಆಶೀರ್ವಾದ ಇರೋ ಮರ. ಇದನ್ನ ನೋಡ್ಬೇಕು ಅಂತ ನನಗೆ ಎಷ್ಟು ಆಸೆ ಇತ್ತು ಗೊತ್ತಾ? ಇಲ್ಲಿ, ನಿಮ್ಮ ಮನೆಲಿ ಇದೆ ಅಂತ ಗೊತ್ತಿರ್ಲಿಲ್ಲ." ಆಮೇಲೆ ಬುಡದ ಕಡೆ ನೋಡಿ, "ಅದ್ಸರಿ, ಇದು ನಿಮಗೇನ್ ಮಾಡಿತ್ತು?" ಎಂದು ಕೇಳಿದರು.

"ಉಳಿಸೋ ದಾರಿ ಹೇಳಿ ಸಾಹೇಬ್ರೆ."

"ನಾನು ವಾಸನೆ ಹೇಳ್ಬಲ್ಲೆ, ಗಿಡ ಹೇಳಲಾರೆ. ಸಾಕಿದೋರು ಯಾರೋ ಅವ್ರನ್ನ ಕೇಳಿ."

ಆ ರಾತ್ರಿ ಊಟಕ್ಕೆ ಬಡಿಸುತ್ತ ನೀಲಮ್ಮ ಅದೇ ಮಾತು ತೆಗೆದಳು. "ಅದನ್ನ ಬದುಕ್ಸಿ ಗೊತ್ತಿರೋರು ಒಬ್ರೇ. ಹೋಗಿ ಕೇಳ್ಬಾರ್ದೇನ್ರಿ? ಅದೂ ಸತ್ತುಹೋದ್ರೆ ಆಮೇಲೆ ಆ ಮನೆ ಕಡೆ ತಲೆ ಹಾಕಿ ಮಲಗಕ್ಕೂ ಮುಖ ಇರಲ್ಲ ನಿಮಗೆ." ಅವಳ ಮಾತಿನಲ್ಲಿ 'ಅದೂ' ಎಂಬುದು ನನಗೆ ತಾಗಿತು. ಅನ್ನದ ಮೇಲೆ ಸಾರು ಹಾಕಿಸಿಕೊಳ್ಳುವುದನ್ನೂ ಮರೆತು ಒಣ ಅನ್ನ ತಿಂದು ಎದ್ದೆ.

ಮರುದಿನ ಕುಂಡವನ್ನು ಗೋಣಿಯಲ್ಲಿ ಸುತ್ತಿ ರೈಲು ಹತ್ತಿದೆ. ಹತ್ತುವಾಗ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನನ್ನ ಬೆಂಚು ಪೂರ್ತಿ ಖಾಲಿಯಾಯಿತು, ಎದುರಿನ ಬೆಂಚೂ ಅರ್ಧ ಖಾಲಿಯಾಯಿತು. ಆಯನೂರಿನ ಕಡೆಯ ಒಬ್ಬ ಯಜಮಾನರು ಮಾತ್ರ ಮೂಗು ಮುಚ್ಚಿಕೊಂಡೇ, "ಹೆಣನೇನ್ರಿ?" ಎಂದು ವಿಚಾರಿಸಿದರು. "ಇನ್ನೂ ಇಲ್ಲ" ಎಂದೆ. ರೈಲಿನಲ್ಲಿ ನನಗೇನೂ ಕಷ್ಟವಾಗಲಿಲ್ಲ. ಇಳಿದು ಅಕ್ಕನ ಮನೆಯ ಸಾಲಿಗೆ ತಿರುಗಿದ ಮೇಲೆ ಕಾಲು ಭಾರವಾಯಿತು. ಕುಂಡದ ಭಾರವೆಂದು ಹೇಳಿಕೊಂಡೆ.

ಬಾಗಿಲು ತೆರೆದಿತ್ತು. ಅಕ್ಕ ನಡುಮನೆಯಲ್ಲಿ ನನಗೆ ಬೆನ್ನು ಹಾಕಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ಅಕ್ಕ" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ "ಅಕ್ಕ, ನಾನು ರುದ್ರ" ಎಂದೆ. ಅವಳು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. ಸಿಟ್ಟು ಎಂದುಕೊಂಡೆ. ಸರಿಯಾದ ಸಿಟ್ಟು, ನನಗೆ ಇದು ಆಗಬೇಕಾದದ್ದೇ ಎಂದುಕೊಂಡು ಹೊಸ್ತಿಲಲ್ಲೇ ನಿಂತೆ. ಅಷ್ಟರಲ್ಲಿ ಅವಳು ತಲೆ ಎತ್ತಿ ಗಾಳಿ ಮೂಸಿ, "ಏನಿದು ನಾತ" ಎನ್ನುತ್ತ ತಿರುಗಿದಳು. ನನ್ನನ್ನು ಕಂಡು ಮೊರ ಕೆಳಗಿಟ್ಟಳು.

"ಯಾವಾಗ ಬಂದ್ಯೋ? ಕೂಗಬಾರ್ದಾ?"

ಅಡುಗೆಮನೆಯಿಂದ ಬಂದ ಭಾವ ನನ್ನ ಮುಖ ಕಂಡು, "ಕೂಗಿದ್ರೆ ಕೇಳಲ್ಲ ಅವಳಿಗೆ. ಮುಂದೆ ನಿಂತು ಗಟ್ಟಿಯಾಗಿ ಹೇಳಬೇಕು" ಎಂದರು. "ಮೇಲಿಂದ ಮೇಲೆ ಚಳಿಜ್ವರ ಬಂತಲ್ಲ. ಕ್ವಿನೈನ್ ಕುಡಿದೂ ಕುಡಿದೂ ಕಿವಿ ಒಳಗೆ ಗುಂಯ್ ಅಂತ ಇರುತ್ತಂತೆ. ಬಲಗಿವಿ ಪೂರ್ತಿ ಹೋಯ್ತು. ನಿಮಗೆ ಹೇಳಿದ್ನಲ್ಲ, ಮೈ ಸರಿ ಇಲ್ಲ ಅಂತ."

ಹೇಳಿದ್ದರು. ನಾನು ಗೊಬ್ಬರದ ವಿಚಾರ ಕೇಳಿದ್ದೆ.

ಅಕ್ಕ ತೆಳ್ಳಗಾಗಿದ್ದಳು. ಕೈಯಲ್ಲಿ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆದರೆ ಕುಂಡದ ಗೋಣಿ ಬಿಚ್ಚಿದ ಮೇಲೆ ಅವಳ ದನಿಗೆ ಏನೂ ಆಗಿಲ್ಲವೆಂದು ಖಾತ್ರಿಯಾಯಿತು. "ಇದಕ್ಕೇನ್ ಹಾಕಿದ್ದೀಯ?" ಎಂದಳು. "ಹಿಂಡಿ" ಎಂದೆ. "ಏನು?" "ಹಿಂಡಿ" ಎಂದು ಕೂಗಿದೆ. ಪಕ್ಕದ ಮನೆಯವರಿಗೂ ಕೇಳಿಸಿತು.

"ಮಾರಾಯ, ಇದೇನು ಎಮ್ಮೆ ಅಂದ್ಕೊಂಡ್ಯಾ? ಹಾಲು ಕರೀಬೇಕು ಅಂತ ಇತ್ತಾ?" ಎಂದು ಅಕ್ಕ ನೆಲಕ್ಕೆ ಕೂತು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಅದೇ ಉಸಿರಿನಲ್ಲಿ, ಹವಾಮಾನ ಕೇಳುವವರ ಹಾಗೆ, "ಗಿಡಕ್ಕೆ ಕಾಯಿಲೆ ಅಂತ ಓಡಿ ಬಂದ್ಯಲ್ಲ. ಒಳ್ಳೇದಾಯ್ತು. ನನಗೆ ಬಂದಾಗ ನಿನಗೆ ಗೊತ್ತಾಗ್ಲಿಲ್ವೇನೋ" ಎಂದಳು.

ನಾನು ಕುಂಡ ಎತ್ತಿಕೊಂಡೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹಿತ್ತಿಲಿಗೆ ನಡೆದಳು.

ಕುಂಡವನ್ನು ಮಗುಚಿ ತಟ್ಟಿದೆವು. ಮಣ್ಣು ಕೊಳೆತ ಹಲ್ವದಂತೆ ಜಾರಿ ಬಿತ್ತು. ಬೇರು ಅರ್ಧಕ್ಕರ್ಧ ಕಪ್ಪಾಗಿ ಮೆತ್ತಗಾಗಿತ್ತು. ಅಕ್ಕ ಕುಡುಗೋಲಿನಿಂದ ಕಪ್ಪಾದದ್ದನ್ನೆಲ್ಲ ಕತ್ತರಿಸಿದಳು, ಉಳಿದದ್ದನ್ನು ಕೂಸಿನ ಕಾಲು ತೊಳೆಯುವ ಹಾಗೆ ತೊಳೆದಳು. ಮೇಲಿನ ಕೊಂಬೆಗಳನ್ನೂ ಕತ್ತರಿಸಲು ಹೊರಟಾಗ ನಾನು ತಡೆದೆ. ಇರುವುದೇ ನಾಲ್ಕು ಎಲೆ, ಅದನ್ನೂ ತೆಗೆದರೆ ಹೇಗೆ? "ಕಾಲು ಕುಂಟಾದೋನ ತಲೆ ಮೇಲೆ ಹೊರೆ ಇರಬಾರ್ದು. ಬಿಡು ಕೈ" ಎಂದಳು. ಕುಂಡದ ತಳಕ್ಕೆ ಹೆಂಚಿನ ಚೂರು, ಮೇಲೆ ಹೊಳೆಯ ಮರಳು, ಒಂದು ಹಿಡಿ ಇದ್ದಿಲ ಪುಡಿ, ಹಳೆಯ ಗೋಡೆಯಿಂದ ಕೆರೆದ ಗಾರೆ, ಕೊನೆಗೆ ಒಂದಿಷ್ಟು ಮಣ್ಣು. ನನ್ನ ಕಣ್ಣಿಗೆ ಅದು ಗಿಡದ ಕುಂಡವಲ್ಲ, ಮನೆ ಕೆಡವಿದ ಜಾಗ.

"ಇದಕ್ಕೆ ಬಡತನವೇ ಬೇಕು ಕಣೋ. ದೊರೆಸಾನಿ ಅವರೂರಲ್ಲಿ ಕಲ್ಲು ಸಂದಿಲಿ ಬೆಳೆಯುತ್ತಂತೆ. ಕಲ್ಲು, ಸುಣ್ಣ, ಬಿಸಿಲು. ಹೊಟ್ಟೆ ತುಂಬ ಕೊಟ್ಟು ಕೂರಿಸಿದ್ರೆ ಸಾಯುತ್ತೆ. ದಿನಾ ಬೆರಳು ಹಾಕಿ ನೋಡು. ಒಣಗಿದ್ರೆ ನೀರು. ಇಲ್ಲ ಅಂದ್ರೆ ಕೈ ಕಟ್ಕೊಂಡು ನಿಂತಿರು. ನೋಡ್ತಾ ಇರು, ಅಷ್ಟೇ."

ಹೊರಡುವಾಗ ಕುಂಡ ಅಲ್ಲೇ ಇರಲಿ ಎಂದೆ. ಒಪ್ಪಲಿಲ್ಲ. "ಇಲ್ಲಿ ಬಿಸಿಲೆಲ್ಲಿದೆ? ತಗೊಂಡ್ ಹೋಗು" ಎಂದು ತಾನೇ ಗೋಣಿ ಸುತ್ತಿದಳು. ಹೊಸ್ತಿಲ ತನಕ ಬಂದು ನಿಂತಳು. ಗೌರಿ ಹಬ್ಬಕ್ಕೆ ಇನ್ನು ತಿಂಗಳೊಂದೇ ಉಳಿದಿತ್ತು. ಅವಳು ಏನೂ ಕೇಳಲಿಲ್ಲ, ಆದರೆ ಒಳಗೂ ಹೋಗಲಿಲ್ಲ. ನಾನು ಬಾಯಿ ತೆರೆದೆ. "ರೈಲಿಗೆ ಹೊತ್ತಾಯ್ತು" ಎಂಬ ಮಾತು ಬಂತು. ಅದೂ ಅವಳಿಗೆ ಕೇಳಿಸಲಿಲ್ಲ. ತುಟಿ ಆಡಿದ್ದು ಕಂಡು, "ಹೂಂ, ನೀಲಮ್ಮಂಗೆ ಕೇಳ್ದೆ ಅಂತ ಹೇಳು" ಎಂದಳು.

ನನ್ನ ಈ ಬಾಯಿಯ ಚರಿತ್ರೆ ಹಳೆಯದು. ಅಪ್ಪ ಸಿಟ್ಟಿನ ಮನುಷ್ಯ. ಎಣ್ಣೆ ಅಳೆಯುವ ಪಾವು ಬೀಳಿಸಿ ನಗ್ಗಿಸಿದವನು ನಾನು, ಕೊಬ್ಬರಿ ಎಣ್ಣೆಯ ಡಬ್ಬಕ್ಕೆ ಹರಳೆಣ್ಣೆ ಸುರಿದವನು ನಾನು. ಅದನ್ನು ತಲೆಗೆ ಹಚ್ಚಿಕೊಂಡು ಹೋದ ಶಾನುಭೋಗರು ಮೂರು ದಿನ ಪೇಟ ಬಿಚ್ಚಲಾಗದೆ ಒದ್ದಾಡಿದರಂತೆ. ಆದರೆ ಅಪ್ಪನ ಮುಂದೆ ನಿಂತು "ತಪ್ಪಾಯ್ತಪ್ಪ, ಇನ್ನೊಂದ್ಸಲ ಮಾಡಲ್ಲ" ಎನ್ನುತ್ತಿದ್ದವಳು ಅಕ್ಕ. "ಮಾಡಿದೋನು ಅವನು, ಬಾಯಿ ನಿಂದಾ?" ಎಂದು ಅಪ್ಪ ಗದರಿದರೆ, "ಅವನಿಗೆ ಹೇಳಕ್ಕೆ ಬರಲ್ಲಪ್ಪ" ಎನ್ನುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ನಿಂತು ಅವಳ ಜಡೆಯ ತುದಿ ಬಿಚ್ಚುತ್ತಿದ್ದೆ. ಹೇಳಲು ಬರುವುದಿಲ್ಲ ಎಂದು ಅವಳು ಅಂದದ್ದು ಪ್ರೀತಿಗೆ. ನಾನು ಅದನ್ನು ಹಕ್ಕು ಎಂದು ತಿಳಿದು ನಡುವಯಸ್ಸಿನವರೆಗೆ ಬಂದಿದ್ದೆ.

ಮನೆಗೆ ಬಂದಾಗ ನೀಲಮ್ಮ, "ಕರೆದ್ರಾ?" ಎಂದಳು.

"ಗಿಡದ ಗಡಿಬಿಡಿಲಿ..."

"ಸರಿ ಬಿಡಿ. ಮುಂದಿನ ಸಲ ಗಿಡನೇ ಮಾತಾಡಲಿ" ಎಂದು ತಟ್ಟೆ ಎತ್ತಿಟ್ಟಳು.

ಆ ಮೇಲಿನ ದಿನಗಳಲ್ಲಿ ನಾನು ಮಾಡಿದ್ದು ಅಕ್ಕ ಹೇಳಿದ್ದೊಂದನ್ನೇ, ಕೈ ಕಟ್ಟಿಕೊಂಡು ನಿಲ್ಲುವುದು. ಇಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಬೋಳು ಕೋಲಿನಂಥ ಗಿಡದ ಮುಂದೆ ನಿಂತಾಗ ಅಂಗಡಿಯ ಹಿಂಡಿ ಮೂಟೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿತ್ತು. ನೀರಿನ ಚೆಂಬು ಹಿಡಿದು ಬಂದ ಸಿದ್ದಮ್ಮಜ್ಜಿಯನ್ನು ಬಾಗಿಲಲ್ಲೇ ತಡೆದೆ. "ಒಂದು ಹನಿ ನೀರಿಗೂ ಬರ ಬಂತಾ ಈ ಮನೆಗೆ" ಎಂದು ಅವಳು ಬೀದಿಗೆ ಕೇಳುವಂತೆ ಗೊಣಗಿ ಹೋದಳು. ಮಳೆ ಬಿಟ್ಟ ಹೊತ್ತಿನಲ್ಲಿ ಕಿಟಕಿಗೆ ಬಿಸಿಲು ಬಿದ್ದರೆ, ಬಿಸಿಲು ಹೋದ ಕಡೆಗೆ ಕುಂಡ ತಿರುಗಿಸುತ್ತಿದ್ದೆ. ಗಿರಾಕಿಗಳು ಅಂಗಡಿಯಲ್ಲಿ ಕೂಗುತ್ತಿದ್ದರು. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿದರೆ ಒಳಗೆ ಹಸಿರು ಇದೆಯೋ ಇಲ್ಲವೋ ಎನ್ನುವಷ್ಟು ಇರುತ್ತಿತ್ತು.

ಒಂದು ಬೆಳಿಗ್ಗೆ ಬೆರಳು ಮಣ್ಣಿನಲ್ಲಿರುವಾಗಲೇ, ಕತ್ತರಿಸಿದ ಕೊಂಬೆಯ ಸ್ವಲ್ಪ ಕೆಳಗೆ, ಸಾಸಿವೆಯಷ್ಟು ದಪ್ಪದ ಒಂದು ಬೂದು ಮೊಳಕೆ ಕಂಡಿತು. ಅದರ ಎದುರಿಗೆ ಅಂಥದೇ ಇನ್ನೊಂದು. ನೀಲಮ್ಮನನ್ನು ಕೂಗಿದೆ. ಅವಳು ಹಿಟ್ಟಿನ ಕೈಯಲ್ಲಿ ಬಂದು ಬಗ್ಗಿ ನೋಡಿದಳು. ಖಾದರ್ ಸಾಹೇಬರು ಬಂದಾಗ ತೋರಿಸಿದೆ, ಅವರು ಪ್ರಾರ್ಥನೆ ಮುಗಿಸಿದವರ ಹಾಗೆ ಎರಡು ಕೈಯನ್ನೂ ಮುಖಕ್ಕೆ ಒತ್ತಿಕೊಂಡರು. ಎಲ್ಲರಿಗೂ ತೋರಿಸಿ ಆದ ಮೇಲೂ ಹೇಳಿ ಮುಗಿಯಿತು ಎನ್ನಿಸಲಿಲ್ಲ. ಹೇಳಬೇಕಾದವಳು ಒಬ್ಬಳೇ ಇದ್ದಳು, ಅವಳಿಗೆ ಹೇಳಬೇಕಾದದ್ದು ಮೊಳಕೆಯ ಸುದ್ದಿಯೊಂದೇ ಅಲ್ಲ ಎಂಬುದು ಬೆರಳಿನ ಮಣ್ಣು ಒರೆಸಿಕೊಳ್ಳುವಾಗ ಸ್ಪಷ್ಟವಾಯಿತು.

ಹಬ್ಬಕ್ಕೆ ಮೂರು ದಿನ ಮೊದಲು ತಟ್ಟೆ ಹಿಡಿದು ಹೋದೆ. ಭಾವ ಮನೆಯಲ್ಲೇ ಇದ್ದರು. ಅಕ್ಕ ಅವಲಕ್ಕಿ ಕಲಸಿ ಕೊಟ್ಟಳು, ತಿಂದೆ. ತಟ್ಟೆಯನ್ನು ಮುಂದೆ ಸರಿಸಿ ಗಟ್ಟಿಯಾಗಿ, "ಅಕ್ಕ, ಗೌರಿ ಹಬ್ಬಕ್ಕೆ ಬಾ" ಎಂದೆ. ಕರೆಯುವ ಮಾತನ್ನು ಕೂಗಿ ಹೇಳಲು ನಾಚಿಕೆಯಿಲ್ಲ, ನಾಲ್ಕು ಜನ ಕೇಳಿದರೆ ಮರ್ಯಾದೆಯೇ.

"ಬರ್ತೀನಿ" ಎಂದಳು. ಅಷ್ಟೇ. ಯಾಕೆ ಇಷ್ಟು ದಿನ ಬರಲಿಲ್ಲ ಎಂದಿಲ್ಲ, ಈಗ ನೆನಪಾಯಿತಾ ಎಂದಿಲ್ಲ. ಕುಂಕುಮ ಹಚ್ಚಿಕೊಂಡಳು, ಕುಪ್ಪಸದ ಕಣ ಕಣ್ಣಿಗೊತ್ತಿಕೊಂಡಳು, ಆಗಲೇ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿಕೊಡಿ ಎಂದು ಭಾವನಿಗೆ ಹೇಳಿದಳು. ಗಿಡ ಹೇಗಿದೆ ಎಂದಳು. ಚಿಗುರಿದೆ ಎಂದೆ. ಅವಳ ಮುಖ ಅರಳಿತು. ಎಲ್ಲ ಸರಿಹೋದಂತೆಯೇ ಇತ್ತು. ಎಲೆಯಡಿಕೆ ಹಾಕಿಕೊಂಡು ಅವಳನ್ನು ಕರೆದುಕೊಂಡು ಹೊರಟರೆ ಮುಗಿಯಿತು. ನನ್ನಂಥವನಿಗೆ ಅದು ಸಾಕಾಗಿತ್ತು.

ಪೆಟ್ಟಿಗೆಯ ಧೂಳು ಒರೆಸುತ್ತ ಅಕ್ಕ, "ಪಕ್ಕದ ಮನೆ ತಮಿಳು ಅಮ್ಮ ಹಬ್ಬ ಬಂದಾಗೆಲ್ಲ ಕೇಳೋಳು, ನಿಮ್ಮ ತಮ್ಮ ಬರ್ಲಿಲ್ವಾ ಅಂತ. ಅಂಗಡಿ ಬಿಟ್ಟು ಬರಕ್ಕಾಗಲ್ಲ ಪಾಪ, ಒಬ್ಬನೇ ಎಲ್ಲಾ ನೋಡ್ಕೋಬೇಕು ಅಂತ ಹೇಳ್ತಿದ್ದೆ. ಹಬ್ಬದ ಹೊತ್ತಲ್ಲೇ ಅಲ್ವಾ ಎಣ್ಣೆ ಜಾಸ್ತಿ ಹೋಗೋದು" ಎಂದಳು.

ಭಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಹೊರಗೆ ನೋಡಿದರು.

"ಅಂಗಡಿ ಅಲ್ಲಕ್ಕ" ಎಂದೆ. ಮೆಲ್ಲಗೆ ಬಂತು. ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವಳು ಒರೆಸುತ್ತಲೇ ಇದ್ದಳು. ಹೇಳಿಯಾಯಿತಲ್ಲ, ಕೇಳದಿದ್ದರೆ ನಾನೇನು ಮಾಡಲಿ ಎಂದು ಒಳಗೊಂದು ಮಾತು ಎದ್ದಿತು. ಅದರ ದನಿ ನನಗೆ ಚೆನ್ನಾಗಿ ಪರಿಚಯ. ಎದ್ದುಹೋಗಿ ಅವಳ ಎದುರಿಗೆ, ಪೆಟ್ಟಿಗೆಯ ಆಚೆ ಬದಿಗೆ ಕೂತೆ. ಅವಳು ತಲೆ ಎತ್ತಿದಳು.

"ಏನೋ? ಗಟ್ಟಿಯಾಗಿ ಹೇಳು."

ಹಿತ್ತಿಲ ಬಾಗಿಲು ತೆರೆದಿತ್ತು. ಪಕ್ಕದ ಮನೆಯಲ್ಲಿ ರುಬ್ಬುವ ಕಲ್ಲಿನ ಸದ್ದು ಬರುತ್ತಿತ್ತು. ನಾನು ಬಾಯಿ ತೆರೆದು, ಸಾಲುಮನೆಯ ಆ ತುದಿಯವರೆಗೂ ಕೇಳುವಂತೆ ಹೇಳಿದೆ:

"ಅಂಗಡಿ ಕೆಲಸ ಅಲ್ಲಕ್ಕ. ನಾನೇ ಬರ್ಲಿಲ್ಲ. ಅವ್ವ ಹೋದ ಮೇಲೆ ನಿನ್ನ ಕರೆಯಕ್ಕೆ ಬರಬೇಕಿತ್ತು, ಬರ್ಲಿಲ್ಲ. ನೀನು ಜ್ವರದಲ್ಲಿ ಮಲಗಿದ್ದಾಗ ಬರಬೇಕಿತ್ತು, ಏನಾಗಿದೆ ಅಂತ ಸಹ ಕೇಳ್ಲಿಲ್ಲ. ತಪ್ಪು ನಂದು. ತಪ್ಪಾಯ್ತಕ್ಕ."